ಉಪ್ಪುನೀರಿನ ಟ್ಯಾಂಕಿನ ಮರಳಿಗೆ ಯಾವ ಪ್ರಾಣಿ ಬಿಡಬೇಕು? ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಮುದ್ರದ ಮೀನು ಸಾಕುವವರು ಈಗ ನಮ್ಮ ಕಡೆಯೂ ಅಲ್ಲಲ್ಲಿ ಇದ್ದಾರೆ. ಹಾಸನ, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು, ಎಲ್ಲಿಯವರೇ ಆಗಲಿ, ಒಂದಲ್ಲ ಒಂದು ದಿನ ತಳದ ಮರಳಿನ ಬಗ್ಗೆ ಕೇಳಿಯೇ ಕೇಳುತ್ತಾರೆ. ಮರಳು ಕೊಳೆಯಾಗಿದೆ, ಅದನ್ನು ತಿಂದು ಚೊಕ್ಕ ಮಾಡುವ ಪ್ರಾಣಿ ಯಾವುದು, ಎಷ್ಟು ಬೇಕು, ತಂದದ್ದು ಯಾಕೆ ಸತ್ತಿತು. ಅಂಗಡಿಯಲ್ಲಿ ಈ ಪ್ರಾಣಿಗಳ ಗುಂಪಿಗೆ ಕ್ಲೀನಪ್ ಕ್ರೂ ಅನ್ನುತ್ತಾರೆ. ಸಿಗುವ ಸಲಹೆಗಳಲ್ಲಿ ತೋಟಕ್ಕೆ ಹೊಡೆಯುವ ಮೈಲುತುತ್ತು, ಮಳೆಗಾಲದ ಕರೆಂಟು, ಡಿಸೆಂಬರ್ ಚಳಿ ಇವುಗಳ ಮಾತೇ ಇರುವುದಿಲ್ಲ. ನಮಗೆ ಬೇಕಾದದ್ದು ಅದೇ ಅಲ್ವಾ?

ಮರಳಿನ ಮೇಲೆ ಕಂದು ಬಣ್ಣ ಬಂದಿದೆ. ಯಾವ ಪ್ರಾಣಿ ಬಿಟ್ಟರೆ ಹೋಗುತ್ತದೆ?

ಪ್ರಾಣಿ ಹುಡುಕುವ ಮೊದಲು ಅದು ಏನು ಅಂತ ನೋಡಿ. ಒಂದು ಪ್ರಾಣಿ ಇಷ್ಟಪಟ್ಟು ತಿನ್ನುವುದನ್ನು ಇನ್ನೊಂದು ಮೂಸಿಯೂ ನೋಡುವುದಿಲ್ಲ.

ಟ್ಯಾಂಕ್ ಹೊಸದು, ರಾಗಿಹಿಟ್ಟು ಉದುರಿಸಿದ ಹಾಗೆ ತೆಳ್ಳಗೆ ಕೂತಿದೆ, ಬೆರಳಾಡಿಸಿದರೆ ಸುಲಭವಾಗಿ ಏಳುತ್ತದೆ ಅಂದರೆ ಅದು ಡಯಾಟಮ್. ನೀರಿನಲ್ಲಿರುವ ಸಿಲಿಕಾ ಬಳಸಿಕೊಂಡು ಬೆಳೆಯುವ ಪಾಚಿ. ಬೋರ್‌ವೆಲ್ ನೀರನ್ನು ಸರಿಯಾಗಿ ಶೋಧಿಸದೆ ಉಪ್ಪು ಕಲಸಿದರೆ ಜಾಸ್ತಿ ಬರುತ್ತದೆ. ಇದನ್ನು ಸೆರಿತ್ ಬಸವನಹುಳು, ಫೈಟಿಂಗ್ ಕಾಂಕ್ ಅನ್ನುವ ಶಂಖದ ಹುಳು ಎರಡೂ ತಿನ್ನುತ್ತವೆ. ಏನೂ ಬಿಡದಿದ್ದರೂ ಸಿಲಿಕಾ ಮುಗಿದ ಮೇಲೆ ಕೆಲವು ವಾರಗಳಲ್ಲಿ ತಾನೇ ಇಳಿಯುವುದುಂಟು.

ಮೀನು ತಿನ್ನದೆ ಬಿಟ್ಟ ಆಹಾರ ಮೂಲೆಯಲ್ಲಿ ಕೂತಿದ್ದರೆ ಅದು ನ್ಯಾಸೇರಿಯಸ್ ಬಸವನಹುಳುವಿನ ಪಾಲು. ಮೀನಿನ ಹಿಕ್ಕೆಯನ್ನು ಮಾತ್ರ ಯಾವ ಬಸವನಹುಳುವೂ ತಿಂದು ಮುಗಿಸುವುದಿಲ್ಲ. ಅದನ್ನು ಪುಡಿ ಮಾಡುವುದು ಮರಳಿನೊಳಗಿನ ಸಣ್ಣ ಹುಳುಗಳು ಮತ್ತು ಬ್ಯಾಕ್ಟೀರಿಯಾ. ಮಿಕ್ಕಿದ್ದನ್ನು ನೀವೇ ಪೈಪ್ ಹಾಕಿ ಎಳೆಯಬೇಕು.

ಕೆಂಪು ಅಥವಾ ನೇರಳೆ ಲೋಳೆ, ಹಿಡಿದೆಳೆದರೆ ಹಾಳೆಯಾಗಿ ಕಿತ್ತು ಬರುತ್ತದೆ ಅಂದರೆ ಸಯನೋಬ್ಯಾಕ್ಟೀರಿಯಾ. ಇದನ್ನು ತಿನ್ನುವ ಪ್ರಾಣಿ ಅಂತ ಯಾರಾದರೂ ಮಾರಿದರೆ ದುಡ್ಡು ಜೇಬಿನಲ್ಲೇ ಇರಲಿ. ಎಳೆದು ತೆಗೆಯಿರಿ, ಆ ಜಾಗಕ್ಕೆ ನೀರಿನ ಹರಿವು ಜಾಸ್ತಿ ಮಾಡಿ, ಆಹಾರ ಕಡಿಮೆ ಮಾಡಿ.

ನಾಲ್ಕನೆಯದು ನಿಜವಾದ ತಲೆನೋವು. ಕಂದು ಲೋಳೆ, ಎಳೆಎಳೆಯಾಗಿ ತೂಗುತ್ತದೆ, ಅದರ ತುದಿಯಲ್ಲಿ ಗಾಳಿಗುಳ್ಳೆ. ದೀಪ ಆರಿದ ಮೇಲೆ ಕಡಿಮೆಯಾಗಿ, ಮಾರನೇ ದಿನ ಬೆಳಕಿಗೆ ಮತ್ತೆ ಬರುತ್ತದೆ. ಇದು ಡೈನೋಫ್ಲಾಜೆಲೇಟ್. ಇದರ ಕೆಲವು ಜಾತಿಗಳು ವಿಷ. ತಿಂದ ಬಸವನಹುಳು ಸೊರಗಿ ಸಾಯುತ್ತದೆ. ಇದು ಇರುವಾಗ ಹೊಸ ಪ್ರಾಣಿ ತರಲೇಬೇಡಿ.

ಅಷ್ಟೆಲ್ಲ ಬೇಡ, ಮೂರು ಅಡಿ ಟ್ಯಾಂಕಿಗೆ ಏನು ತರಲಿ ಅಂತ ನೇರವಾಗಿ ಹೇಳಿ.

ಸರಿ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಅಂದರೆ ಸುಮಾರು 190 ಲೀಟರ್. ಕಲ್ಲು, ಮರಳು ಕಳೆದರೆ ನೀರು 150 ಲೀಟರ್ ಇದ್ದೀತು. ಅದಕ್ಕೆ ನ್ಯಾಸೇರಿಯಸ್ 4 ಅಥವಾ 5, ಸೆರಿತ್ 6ರಿಂದ 8. ಮೂರು ನಾಲ್ಕು ತಿಂಗಳು ಕಳೆದು ಮರಳಿನ ಮೇಲೆ ಪಾಚಿ ಚೆನ್ನಾಗಿ ಹಿಡಿದ ಮೇಲೆ ಒಂದೇ ಒಂದು ಫೈಟಿಂಗ್ ಕಾಂಕ್. ಅಷ್ಟೇ. ಮೊದಲ ಸಲ ಇದರಲ್ಲೂ ಅರ್ಧ ತನ್ನಿ.

ಇಂತಿಷ್ಟು ಲೀಟರಿಗೆ ಇಂತಿಷ್ಟು ಹುಳು ಅಂತ ಕಟ್ಟಿಟ್ಟ ಪ್ಯಾಕೇಜ್‌ಗಳನ್ನು ನಂಬಬೇಡಿ. ಮರಳಿನ ಪ್ರಾಣಿಗೆ ಲೆಕ್ಕ ಲೀಟರ್ ಅಲ್ಲ, ಮರಳಿನ ವಿಸ್ತಾರ. ಮೇಲಿನ ಟ್ಯಾಂಕಿನಲ್ಲಿ ಇರುವುದು ನಾಲ್ಕೂವರೆ ಚದರ ಅಡಿ ಮರಳು. ಟ್ಯಾಂಕ್ ಎಷ್ಟೇ ಎತ್ತರ ಇದ್ದರೂ ಮೇವಿನ ಜಾಗ ಅಷ್ಟೇ. ಜಾಸ್ತಿ ಬಿಟ್ಟರೆ ಒಂದು ತಿಂಗಳಲ್ಲಿ ಇರುವುದನ್ನೆಲ್ಲ ತಿಂದು ಮುಗಿಸುತ್ತವೆ, ಆಮೇಲೆ ಒಂದೊಂದೇ ಉಪವಾಸ ಬಿದ್ದು ಸಾಯುತ್ತವೆ. ಸತ್ತದ್ದು ಚಿಪ್ಪಿನೊಳಗೇ ಕೊಳೆತು ಅಮೋನಿಯಾ ಆಗುತ್ತದೆ. ಕೊನೆಗೆ ಅದೇ ಪಾಚಿಗೆ ಗೊಬ್ಬರ.

ಕಾಫಿ ತೋಟದಲ್ಲಿ ಮಳೆಗಾಲ ಪೂರ್ತಿ ಬಸವನಹುಳು ಹೆಕ್ಕಿ ಹೆಕ್ಕಿ ಸಾಕಾದವರಿಗೆ, ದುಡ್ಡು ಕೊಟ್ಟು ಬಸವನಹುಳು ತರಿಸುವುದು ತಮಾಷೆಯಾಗಿ ಕಾಣುತ್ತದೆ. ನಗಲಿ ಬಿಡಿ.

ಹೊಸ ಟ್ಯಾಂಕಿಗೆ ಯಾವಾಗ ಬಿಡಬಹುದು?

ನೀರು ಪರೀಕ್ಷೆ ಮಾಡಿದರೆ ಕೊಳೆಯಿಂದ ಹುಟ್ಟುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದಿರಬೇಕು, ತಿನ್ನಲು ಏನಾದರೂ ಕಣ್ಣಿಗೆ ಕಾಣುತ್ತಿರಬೇಕು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ.

ನ್ಯಾಸೇರಿಯಸ್ ತಂದು ಬಿಟ್ಟೆ, ಮಾರನೇ ದಿನದಿಂದ ಒಂದೂ ಕಾಣುತ್ತಿಲ್ಲ. ಸತ್ತವಾ?

ಬಹುಪಾಲು ಇಲ್ಲ. ಅದರ ಸ್ವಭಾವವೇ ಅದು. ಇಡೀ ಮೈ ಮರಳಿನಲ್ಲಿ ಹೂತುಕೊಂಡು, ಸೊಂಡಿಲಿನಂಥ ಒಂದು ಸಣ್ಣ ಕೊಳವೆಯನ್ನು ಮಾತ್ರ ಹೊರಗೆ ಚಾಚಿಕೊಂಡು ಇರುತ್ತದೆ. ಅದರಿಂದಲೇ ವಾಸನೆ ಹಿಡಿಯುವುದು. ಕಡಲೆಬೀಜದಷ್ಟು ಸೀಗಡಿ ತುಂಡು ಹಾಕಿ, ಪಂಪ್ ನಿಲ್ಲಿಸದೆ ಹತ್ತು ನಿಮಿಷ ಕಾಯಿರಿ. ಬದುಕಿದ್ದರೆ ಮರಳು ಸೀಳಿಕೊಂಡು ಎದ್ದು ಬರುತ್ತವೆ. ಈ ಹವ್ಯಾಸದಲ್ಲಿ ನೋಡಲು ನನಗೆ ಬಹಳ ಇಷ್ಟವಾದ ದೃಶ್ಯ ಇದು. ಮನೆಗೆ ನೆಂಟರು ಬಂದರೆ ಇದನ್ನೇ ತೋರಿಸಬಹುದು.

ನೆನಪಿಡಬೇಕಾದದ್ದು, ಇದು ಮಾಂಸಾಹಾರಿ. ಪಾಚಿ ತಿನ್ನುವುದಿಲ್ಲ. ಪಾಚಿ ಹೋಗಲಿ ಅಂತ ಇದನ್ನು ತಂದವರು ಸುಮ್ನೆ ಕಾಯುತ್ತಾ ಕೂರುತ್ತಾರೆ. ಮೀನಿಗೆ ಆಹಾರ ಅಳೆದು ಹಾಕುವವರ ಮನೆಯಲ್ಲಿ ಇದಕ್ಕೆ ಏನೂ ಸಿಗುವುದಿಲ್ಲ. ಅಂಥವರು ವಾರಕ್ಕೊಮ್ಮೆ ತಳಕ್ಕೆ ಮುಳುಗುವ ಆಹಾರದ ಒಂದೆರಡು ಗುಳಿಗೆ ಹಾಕಲೇಬೇಕು. ಆಡಾಡುತ್ತಾ ಮರಳನ್ನು ತಿರುವಿ ಹಾಕುವುದು ಇದರಿಂದ ಸಿಗುವ ದೊಡ್ಡ ಲಾಭ.

ಇದೇ ತರಹ ಹೂತುಕೊಳ್ಳುವ, ಬಿಳಿ ಚಿಪ್ಪಿನ ಮೇಲೆ ಕಂದು ಮಚ್ಚೆಯಿರುವ ಬ್ಯಾಬಿಲೋನಿಯಾ ಅಂತ ಒಂದಿದೆ. ನಮ್ಮ ದಕ್ಷಿಣ ಭಾರತದ ಕರಾವಳಿಯಲ್ಲಿ ತಿನ್ನಲು ಹಿಡಿಯುವ ಜಾತಿ ಅದು. ಅದೂ ಸತ್ತದ್ದನ್ನು ತಿನ್ನುತ್ತದೆ ನಿಜ, ಆದರೆ ಬಹಳ ದೊಡ್ಡದಾಗುತ್ತದೆ. ಎರಡು ಮೂರು ಅಡಿ ಟ್ಯಾಂಕಿಗೆ ಬೇಡ.

ಫೈಟಿಂಗ್ ಕಾಂಕ್ ಹೆಸರಿನಲ್ಲೇ ಜಗಳ ಇದೆಯಲ್ಲ, ಬೇರೆಯವಕ್ಕೆ ತೊಂದರೆ ಕೊಡುತ್ತದಾ?

ಇಲ್ಲ. ಗಂಡುಗಳು ತಮ್ಮ ತಮ್ಮಲ್ಲೇ ಗುದ್ದಾಡುವುದರಿಂದ ಬಂದ ಹೆಸರು. ಮೀನು, ಹವಳ ಯಾವುದರ ತಂಟೆಗೂ ಹೋಗುವುದಿಲ್ಲ. ಹಗಲಲ್ಲೂ ಓಡಾಡುತ್ತದೆ, ಉದ್ದ ತೊಟ್ಟಿನ ಎರಡು ಕಣ್ಣು ಹೊರಗೆ ಹಾಕಿ ನಿಮ್ಮನ್ನೇ ನೋಡುತ್ತದೆ. ಮರಳಿನ ಮೇಲಿನ ಕಂದು ಪದರ ಮೇಯುವುದರಲ್ಲಿ ನನ್ನ ಪ್ರಕಾರ ಇದಕ್ಕೆ ಸಮ ಯಾವುದೂ ಇಲ್ಲ. ಸಾಮಾನ್ಯವಾಗಿ ಕಲ್ಲು ಹತ್ತುವುದಿಲ್ಲ. ಹಾಗಾಗಿ ಕಲ್ಲೇ ತುಂಬಿ, ಮರಳು ಅಂಗೈಯಗಲ ಉಳಿದಿರುವ ಟ್ಯಾಂಕಿನಲ್ಲಿ ಇದು ಹಸಿದೇ ಸಾಯುತ್ತದೆ.

ಅಂಗಡಿಯಲ್ಲಿ ಆರಿಸುವಾಗ ಒಂದು ಉಪಾಯ ಇದೆ. ಮರಳಿನ ಮೇಲೆ ಅಂಗಾತ ಇಡಲು ಹೇಳಿ. ಇದರ ಕಾಲಿನ ತುದಿಯಲ್ಲಿ ಉಗುರಿನಂಥ ಗಟ್ಟಿ ಭಾಗ ಇದೆ. ಗಟ್ಟಿಮುಟ್ಟಾದ ಕಾಂಕ್ ಅದನ್ನು ಊರಿ ತನ್ನಷ್ಟಕ್ಕೆ ಮಗುಚಿಕೊಳ್ಳುತ್ತದೆ. ಹಾಗೇ ಬಿದ್ದುಕೊಂಡಿದ್ದರೆ ಬಿಟ್ಟು ಬನ್ನಿ.

ಟ್ಯಾಂಕ್ ಹಳೆಯದಾಗಿ ಮರಳು ಬೆಳ್ಳಗಾದ ಮೇಲೆ ಇದಕ್ಕೆ ಒಣಗಿದ ಸಮುದ್ರಪಾಚಿ ಹಾಳೆಯ ಚೂರನ್ನು ಸಣ್ಣ ಕಲ್ಲಿಗೆ ಸಿಕ್ಕಿಸಿ ತಳದಲ್ಲಿ ಇಡಿ. ನೋರಿ ಅಂತ ಸಿಗುತ್ತದೆ. ಉಪ್ಪು, ಖಾರ, ಎಣ್ಣೆ ಹಾಕಿ ಹುರಿದದ್ದು ಬೇಡ.

ಗಾಜಿನ ಮೇಲೆ ಬಿಳಿ ದಾರ ಅಂಕುಡೊಂಕಾಗಿ ಅಂಟಿದೆ. ಏನಿದು?

ಸೆರಿತ್ ಮೊಟ್ಟೆ. ಹೆದರಬೇಡಿ, ಟ್ಯಾಂಕ್ ತುಂಬಿಹೋಗುವುದಿಲ್ಲ. ಮರಿಗಳಲ್ಲಿ ಉಳಿಯುವುದು ಅಪರೂಪ. ಮೀನಿಗೆ ಊಟ ಆಯಿತು ಅಂದುಕೊಳ್ಳಿ. ಸೆರಿತ್ ಹಗಲಲ್ಲಿ ಮರಳಿನೊಳಗೆ, ರಾತ್ರಿ ಮರಳು, ಗಾಜು, ಕಲ್ಲು ಎಲ್ಲ ಕಡೆ. ದುಡ್ಡು ಕಡಿಮೆ ಇದ್ದರೆ ಬೇರೆ ಎಲ್ಲ ಬಿಟ್ಟು ಇದನ್ನೊಂದೇ ತನ್ನಿ.

ಹರ್ಮಿಟ್ ಏಡಿ?

ನೋಡಲು ಚೆಂದ, ಚುರುಕು, ಮಕ್ಕಳಿಗೆ ಇಷ್ಟ. ಸಿಕ್ಕಿದ್ದೆಲ್ಲ ತಿನ್ನುತ್ತದೆ. ಸಿಕ್ಕಿದ್ದೆಲ್ಲ ಅಂದರೆ ಬಸವನಹುಳುವನ್ನೂ. ಏಡಿ ಬೆಳೆದ ಹಾಗೆ ದೊಡ್ಡ ಚಿಪ್ಪು ಬೇಕು. ಖಾಲಿ ಚಿಪ್ಪು ಇಲ್ಲದಿದ್ದರೆ ನಿಮ್ಮ ನ್ಯಾಸೇರಿಯಸ್ಸನ್ನು ಕಿತ್ತು ತಿಂದು ಆ ಚಿಪ್ಪಿಗೆ ನುಗ್ಗುತ್ತದೆ. ಇಡಲೇಬೇಕು ಅಂದರೆ ಒಂದೆರಡು ಸಣ್ಣ ಜಾತಿಯವು ಸಾಕು, ಜೊತೆಗೆ ಬೇರೆ ಬೇರೆ ಅಳತೆಯ ಖಾಲಿ ಚಿಪ್ಪುಗಳನ್ನು ಹಾಕಿಡಿ. ನಾನಾದರೆ ಬಸವನಹುಳು ಇಡುತ್ತೇನೆ ಅಥವಾ ಏಡಿ ಇಡುತ್ತೇನೆ, ಎರಡನ್ನೂ ಅಲ್ಲ.

ಮರಳು ಜಾಲಾಡುವ ನಕ್ಷತ್ರಮೀನು ಒಂದೇ ಸಾಕು, ಇಡೀ ತಳ ಬೆಳ್ಳಗೆ ಮಾಡುತ್ತದೆ ಅನ್ನುತ್ತಾರಲ್ಲ?

ಮಾಡುತ್ತದೆ, ಕೆಲವು ತಿಂಗಳು. ಆಸ್ಟ್ರೋಪೆಕ್ಟನ್ ಅಂತ ಅದರ ಹೆಸರು. ಅದು ಕೊಳೆ ತಿನ್ನುವ ಪ್ರಾಣಿ ಅಲ್ಲ, ಬೇಟೆಗಾರ. ಮರಳಿನೊಳಗಿನ ಸಣ್ಣ ಹುಳು, ಸಣ್ಣ ಚಿಪ್ಪಿನ ಜೀವಿಗಳು, ಎಳೆಯ ಬಸವನಹುಳು ಎಲ್ಲವನ್ನೂ ಇಡಿಯಾಗಿ ನುಂಗುತ್ತದೆ. ನಿಜವಾಗಿ ಕೊಳೆ ಒಡೆಯುತ್ತಿದ್ದವೇ ಆ ಸಣ್ಣ ಜೀವಿಗಳು. ಅವೆಲ್ಲ ಖಾಲಿಯಾದ ಮೇಲೆ ತೋಳಿನ ತುದಿ ಕರಗುತ್ತಾ ಬಂದು ಅದೂ ಸಾಯುತ್ತದೆ. ಮರಳು ಮೊದಲಿಗಿಂತ ಸತ್ತ ಮರಳಾಗಿರುತ್ತದೆ. ಆರು ಅಡಿ ಟ್ಯಾಂಕ್, ವರ್ಷಗಟ್ಟಲೆ ಹಳೆಯ ಮರಳು ಇದ್ದವರು ಯೋಚನೆ ಮಾಡಲಿ. ಉಳಿದವರಿಗೆ ಬೇಡ.

ನಕ್ಷತ್ರಮೀನೇ ಬೇಕು ಅಂದರೆ ತೆಳ್ಳಗಿನ ತೋಳಿನ ಬ್ರಿಟಲ್ ಸ್ಟಾರ್ ವಾಸಿ. ಕಲ್ಲಿನ ಸಂದಿಯಲ್ಲಿ ಕೂತು ಉಳಿದ ಆಹಾರ ಎಳೆದುಕೊಳ್ಳುತ್ತದೆ. ಹಸಿರು ಬಣ್ಣದ ದೊಡ್ಡ ಜಾತಿಯೊಂದಿದೆ, ಅದು ರಾತ್ರಿ ಮಲಗಿದ ಮೀನನ್ನೇ ಹಿಡಿಯುತ್ತದೆ. ಹಸಿರು ಬೇಡ.

ಸಮುದ್ರಸೌತೆ ಸಾಕಬಹುದಾ? ಮರಳನ್ನೇ ತಿಂದು ತೊಳೆದು ಬಿಡುತ್ತದಂತೆ.

ಬೇಡ. ಮೊದಲ ಕಾರಣ ಕಾನೂನು. ಭಾರತದಲ್ಲಿ ಎಲ್ಲ ಜಾತಿಯ ಸಮುದ್ರಸೌತೆಗಳೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿ, ಆನೆ ಇರುವ ಪಟ್ಟಿಯೇ ಅದು. ಹಿಡಿಯುವುದು, ಮಾರುವುದು, ಇಟ್ಟುಕೊಳ್ಳುವುದು ಎಲ್ಲ ಅಪರಾಧ. ಈ ಪಟ್ಟಿಯ ಪ್ರಾಣಿಗಳ ವಿಷಯದಲ್ಲಿ ಶಿಕ್ಷೆ 3ರಿಂದ 7 ವರ್ಷ ಜೈಲು. ಯಾರಾದರೂ ಗುಟ್ಟಾಗಿ ಕೊಡುತ್ತೇನೆ ಅಂದರೂ ಮುಟ್ಟಬೇಡಿ. ಕಡಲಕುದುರೆ, ಕಲ್ಲು ಹವಳ, ಕಡಲ ಬೀಸಣಿಗೆ ಇವೂ ಅದೇ ಪಟ್ಟಿಯಲ್ಲಿವೆ ಅಂತ ಗೊತ್ತಿರಲಿ. ಶಂಖ, ಚಿಪ್ಪುಗಳಲ್ಲೂ ಹಲವು ಜಾತಿಗಳಿಗೆ ರಕ್ಷಣೆ ಇದೆ. ಹಾಗಾಗಿ ಯಾವುದೇ ದೊಡ್ಡ ಶಂಖ ಕೊಳ್ಳುವ ಮೊದಲು ಜಾತಿಯ ಹೆಸರು ಕೇಳಿ, ಬಿಲ್ ಪಡೆಯಿರಿ.

ಕಾನೂನು ಬದಿಗಿಟ್ಟರೂ ಅದು ಮನೆಯ ಟ್ಯಾಂಕಿಗೆ ಅಪಾಯ. ಮೈಯಲ್ಲಿ ವಿಷ ಇದೆ. ಪಂಪಿಗೆ ಸಿಕ್ಕಿ ಸತ್ತರೆ ಮೀನುಗಳನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ.

ಮರಿ ಇರುವಾಗ ಮುದ್ದಾಗಿ ಕಾಣುವ ಹಾರ್ಸ್‌ಶೂ ಏಡಿಗೂ ಇದೇ ಉತ್ತರ. ಕಾಯ್ದೆಯ ರಕ್ಷಣೆ ಇದೆ, ಒಂದು ಅಡಿಗೂ ಮೀರಿ ಬೆಳೆಯುತ್ತದೆ, ಮೂರು ಅಡಿ ಟ್ಯಾಂಕಿನ ಮರಳು ಅದರ ಹೊಟ್ಟೆಗೆ ಎಲ್ಲಿಗೂ ಸಾಲುವುದಿಲ್ಲ.

ಮರಳು ಅಗಿಯುವ ಗೋಬಿ ಮೀನು?

ಬಾಯಿ ತುಂಬಾ ಮರಳು ತುಂಬಿಕೊಂಡು ಕಿವಿರಿನಿಂದ ಸುರಿಸುವ ಡೈಮಂಡ್ ಗೋಬಿ ತಳವನ್ನು ಬೆಳ್ಳಗೆ ಇಡುತ್ತದೆ, ಸುಳ್ಳಲ್ಲ. ಆದರೆ ಅದು ಹುಡುಕುವುದು ಮರಳಿನ ಸಣ್ಣ ಜೀವಿಗಳನ್ನು. ದಿನಕ್ಕೆರಡು ಸಲ ನೀವು ಆಹಾರ ಕೊಡದಿದ್ದರೆ ಹೊಟ್ಟೆ ಒಳಕ್ಕೆ ಹೋಗಿ ಸೊರಗುತ್ತದೆ. ತಂದು ಸುರಿದ ಮರಳು ಕೆಳಗಿನ ಹವಳಗಳ ಮೇಲೆಲ್ಲ ಬೀಳುತ್ತದೆ. ಹಾರುವ ಮೀನು ಬೇರೆ, ಮೇಲೆ ಬಲೆ ಮುಚ್ಚದಿದ್ದರೆ ಬೆಳಿಗ್ಗೆ ನೆಲದ ಮೇಲೆ ಒಣಗಿರುತ್ತದೆ.

ರಾತ್ರಿ ಟಾರ್ಚ್ ಹಾಕಿ ನೋಡಿದರೆ ಜರಿಹುಳದ ತರಹದ್ದು ಓಡಾಡುತ್ತಿದೆ. ತೆಗೆಯಬೇಕಾ?

ಬೇಡ. ಅದು ಬ್ರಿಸಲ್ ವರ್ಮ್. ಕಲ್ಲಿನ ಜೊತೆ ಬಿಟ್ಟಿಯಾಗಿ ಬಂದ ಕೆಲಸಗಾರ. ಬಸವನಹುಳು ಹೋಗಲಾರದ ಸಂದಿಗೂ ಹೋಗಿ ಕೊಳೆತದ್ದನ್ನು ತಿನ್ನುತ್ತದೆ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ, ಕೂದಲಿನಂಥ ಮುಳ್ಳು ಚುಚ್ಚಿ ಉರಿಯುತ್ತದೆ. ತೀರಾ ಜಾಸ್ತಿ ಆಗಿದ್ದರೆ ನೀವು ಹಾಕುವ ಆಹಾರ ಜಾಸ್ತಿ ಅಂತ ಅರ್ಥ. ಗಾಜಿನ ಬದಿಯಲ್ಲಿ ಮರಳಿನೊಳಗೆ ಸಣ್ಣ ಸಣ್ಣ ಬಿಲ, ನೂಲಿನಂಥ ಹುಳು, ಜಿಗಿಯುವ ಚುಕ್ಕಿಗಳು ಕಂಡರೆ ಸಂತೋಷಪಡಿ.

ಮಂಗಳೂರು, ಮಲ್ಪೆ ಕಡೆ ಹೋದಾಗ ಬೀಚಿನಿಂದಲೇ ತಂದರೆ ಆಗದಾ? ಅಲ್ಲಿ ರಾಶಿ ಸಿಗುತ್ತವೆ.

ಆಸೆ ಎಲ್ಲರಿಗೂ ಆಗುತ್ತದೆ. ಶಿರಾಡಿ ಘಾಟಿ ಇಳಿದರೆ ಸಮುದ್ರ. ಆದರೂ ಬೇಡ ಅನ್ನುತ್ತೇನೆ. ನದಿ ಸೇರುವ ಕಡೆಯ ಪ್ರಾಣಿಗಳು ಉಪ್ಪು ಏರಿಳಿಯುವ ನೀರಿಗೆ ಹೊಂದಿಕೊಂಡವು. ಮಳೆಗಾಲದಲ್ಲಿ ನೇತ್ರಾವತಿ ತುಂಬಿ ಹರಿಯುವಾಗ ಅಲ್ಲಿನ ಕಡಲ ನೀರು ಸಪ್ಪೆಯಾಗುತ್ತದೆ. ನಿಮ್ಮ ಟ್ಯಾಂಕಿನ ನೀರು ಸದಾ ಒಂದೇ ಸಮ. ಬಂದರಿನ ಹತ್ತಿರ ಡೀಸೆಲ್, ಎಣ್ಣೆ ಬೇರೆ. ಕಣ್ಣಿಗೆ ಒಂದೇ ತರಹ ಕಾಣುವ ಎರಡು ಬಸವನಹುಳುಗಳಲ್ಲಿ ಒಂದು ಪಾಚಿ ತಿನ್ನುವುದು, ಇನ್ನೊಂದು ಚಿಪ್ಪು ಕೊರೆದು ಉಳಿದ ಬಸವನಹುಳುಗಳನ್ನು ತಿನ್ನುವುದು ಆಗಿರಬಹುದು.

ಎಲ್ಲಕ್ಕಿಂತ ಮುಖ್ಯ, ಕೋನ್ ಬಸವನಹುಳು. ಐಸ್‌ಕ್ರೀಂ ಕೋನಿನ ಆಕಾರ, ಮೇಲೆ ಚೆಂದದ ಚಿತ್ತಾರ. ನಮ್ಮ ದೇಶದ ಕರಾವಳಿಯಲ್ಲಿ ಹಲವು ಜಾತಿಗಳಿವೆ. ಜೀವಂತ ಇದ್ದರೆ ಬಾಣದಂಥ ಹಲ್ಲಿನಿಂದ ವಿಷ ಚುಚ್ಚುತ್ತದೆ. ಕೆಲವು ಜಾತಿಗಳ ವಿಷಕ್ಕೆ ಮನುಷ್ಯರು ಸತ್ತದ್ದಿದೆ, ಅದಕ್ಕೆ ಪ್ರತಿವಿಷ ಇಲ್ಲ. ಮಕ್ಕಳಿಗೆ ಮೊದಲೇ ಹೇಳಿ ಇಡಿ. ಕೋನಿನ ಆಕಾರದ್ದನ್ನು ಜೇಬಿಗೆ ಹಾಕಿಕೊಳ್ಳಬೇಡಿ.

ಹೇಮಾವತಿ ಹೊಳೆ ಮರಳು ಹಾಕಬಹುದಾ? ಎಂ-ಸ್ಯಾಂಡ್?

ಎಂ-ಸ್ಯಾಂಡ್ ಖಂಡಿತ ಬೇಡ. ಜಲ್ಲಿ ಕಲ್ಲು ಪುಡಿ ಮಾಡಿದ್ದು, ಅಂಚು ಚೂಪು. ಹೂತುಕೊಳ್ಳುವ ಬಸವನಹುಳುವಿನ ಮೆತ್ತನೆ ಕಾಲನ್ನು ತರಚುತ್ತದೆ. ಹೊಳೆ ಮರಳಿನಲ್ಲಿ ಜೇಡಿ, ಕಬ್ಬಿಣದ ಕರಿ ಕಣ ಇರುತ್ತವೆ. ಆ ಕರಿ ಕಣ ಗಾಜು ಒರೆಸುವ ಮ್ಯಾಗ್ನೆಟ್ಟಿಗೆ ಅಂಟಿ ಗಾಜಿನ ತುಂಬಾ ಗೀರು. ಅರಾಗೊನೈಟ್ ಮರಳು ತರಿಸಿ. ಸುಣ್ಣದ ಅಂಶದ್ದು, ಅಂಚು ಉರುಟು. ಕಡಲತೀರದಿಂದ ಮರಳು ತುಂಬಿ ತರುವುದಕ್ಕೆ ಕಾನೂನಿನ ತಡೆ ಇದೆ.

ಕಣ ಒಂದರಿಂದ ಎರಡು ಮಿ.ಮೀ. ಇದ್ದರೆ ಎಲ್ಲಕ್ಕೂ ಒಗ್ಗುತ್ತದೆ. ದಪ್ಪ ಜಲ್ಲಿಯಂಥದ್ದು ಹಾಕಿದರೆ ನ್ಯಾಸೇರಿಯಸ್ ಹೂತುಕೊಳ್ಳಲಾರದು, ಸಂದಿಗೆ ಬಿದ್ದ ಆಹಾರವೂ ಅದಕ್ಕೆ ಸಿಗುವುದಿಲ್ಲ. ಆಳ ಎರಡು ಇಂಚು ಸಾಕು. ಮೂರು ಅಡಿ ಟ್ಯಾಂಕಿಗೆ ಸುಮಾರು 30 ಕೆ.ಜಿ. ಮರಳು ಬೇಕಾಗುತ್ತದೆ.

ನಮ್ಮದು ತೋಟದ ಮನೆ. ಮೀನು ಚೆನ್ನಾಗಿವೆ, ಬಸವನಹುಳು, ಸೀಗಡಿ ಮಾತ್ರ ಉಳಿಯುತ್ತಿಲ್ಲ. ಯಾಕೆ?

ತಾಮ್ರದ ಮೇಲೆ ನನ್ನ ಮೊದಲ ಅನುಮಾನ. ಮೀನು ತಡೆಯುವಷ್ಟು ತಾಮ್ರವನ್ನು ಬೆನ್ನೆಲುಬಿಲ್ಲದ ಪ್ರಾಣಿ ತಡೆಯುವುದಿಲ್ಲ. ನಮ್ಮ ಕಡೆ ತಾಮ್ರಕ್ಕೇನು ಬರ? ಕಾಫಿಯ ಎಲೆತುಕ್ಕಿಗೆ, ಅಡಿಕೆಯ ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲಿನಿಂದಲೇ ಬೋರ್ಡೋ ಹೊಡೆಯುತ್ತೇವೆ.

ಸ್ವಲ್ಪ ಲೆಕ್ಕ ಹಾಕೋಣ. ಶೇಕಡಾ 1ರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ. ಮೈಲುತುತ್ತಿನಲ್ಲಿ ಕಾಲು ಭಾಗ ತಾಮ್ರ. ಅಂದರೆ ಒಂದು ಲೀಟರ್ ದ್ರಾವಣದಲ್ಲಿ 2,500 ಮಿಲಿಗ್ರಾಂ. ಎರಡು ಟೀ ಚಮಚ, ಅಂದರೆ 10 ಮಿ.ಲೀ. ದ್ರಾವಣ 150 ಲೀಟರ್ ಟ್ಯಾಂಕಿಗೆ ಸೇರಿದರೆ ಲೀಟರಿಗೆ 0.16 ಮಿಲಿಗ್ರಾಂ ಮೀರುತ್ತದೆ. ರೋಗದ ಮೀನಿಗೆ ಬೇರೆ ತೊಟ್ಟಿಯಲ್ಲಿ ಔಷಧವಾಗಿ ಕೊಡುವ ತಾಮ್ರದ ಮಟ್ಟವೇ 0.15ರಿಂದ 0.25. ಸುಣ್ಣ ಸೇರಿರುವುದರಿಂದ ಅಷ್ಟೂ ಒಮ್ಮೆಲೇ ಕರಗುವುದಿಲ್ಲ, ನಿಜ. ಆದರೆ ಬಸವನಹುಳು ಸಾಯಲು ಅಷ್ಟು ಬೇಕಾಗಿಯೂ ಇಲ್ಲ.

ಹೇಗೆ ಸೇರುತ್ತದೆ ಅಂದರೆ, ಸ್ಪ್ರೇ ಮುಗಿಸಿ ಬಂದ ಕೈಯನ್ನು ಹಾಗೇ ಟ್ಯಾಂಕಿಗೆ ಅದ್ದುವುದು. ದ್ರಾವಣ ಕಲಸಿದ ಬಕೆಟ್ಟನ್ನೇ ತೊಳೆದು ಉಪ್ಪುನೀರಿಗೆ ಬಳಸುವುದು. ಸ್ಪ್ರೇ ಹಾರಿ ಮಾಡಿನ ಮೇಲೆ ಕೂತಿರುವಾಗ ಹಂಡೆಗೆ ಮಳೆನೀರು ಹಿಡಿಯುವುದು. ಮಾಡು ಝಿಂಕ್ ಶೀಟಿನದಾದರೆ ಸತುವೂ ಸೇರುತ್ತದೆ, ಅದೂ ಇವಕ್ಕೆ ವಿಷವೇ. ಬಚ್ಚಲಿನ ತಾಮ್ರದ ಹಂಡೆ, ತಾಮ್ರದ ಕೊಡ ಇವುಗಳಲ್ಲಿ ನೀರು ಶೇಖರಿಸಬೇಡಿ. ಉಪ್ಪು ಕಲಸಲು ಪ್ಲಾಸ್ಟಿಕ್ ಡ್ರಮ್ ಒಂದನ್ನು ಬೇರೆಯೇ ಇಡಿ, ಮೇಲೆ ದೊಡ್ಡದಾಗಿ ಬರೆದಿಡಿ. ನೀರು ಆರ್‌ಓ ಆದ ಮೇಲೆ ಡಿಐ ರಾಳದ (ನೀರಿನಲ್ಲಿ ಉಳಿದ ಲವಣ, ಲೋಹ ಹಿಡಿದಿಡುವ ಸಣ್ಣ ಕಾಳುಗಳು) ಮೂಲಕ ಹಾದು ಬರಲಿ.

ಕಾಂಡಕೊರಕಕ್ಕೆ ಹೊಡೆಯುವ ಕೀಟನಾಶಕ, ಸೊಳ್ಳೆ ಬತ್ತಿ, ಜಿರಳೆ ಸ್ಪ್ರೇ ಇವು ಸೀಗಡಿ, ಏಡಿಗಳಿಗೆ ಇನ್ನೂ ಕೆಟ್ಟವು. ಗಾಳಿ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಕೊಡುತ್ತದೆ ಅನ್ನುವುದು ಮರೆಯಬೇಡಿ.

ಸೆಕೆಂಡ್ ಹ್ಯಾಂಡ್ ಟ್ಯಾಂಕ್ ತಂದಿದ್ದರೆ ಹಿಂದಿನವರು ಅದರಲ್ಲಿ ತಾಮ್ರದ ಔಷಧ ಹಾಕಿದ್ದರಾ ಅಂತ ಕೇಳಿ. ಸುಣ್ಣದ ಮರಳು, ಕಲ್ಲು ತಾಮ್ರವನ್ನು ಹೀರಿಕೊಂಡು ನಿಧಾನಕ್ಕೆ ಬಿಡುತ್ತವೆ. ಆ ಮರಳು ಬಳಸಬೇಡಿ.

ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇರುವುದಿಲ್ಲ. ಮರಳಿನ ಪ್ರಾಣಿಗಳ ಗತಿ?

ನೀರು ನಿಂತರೆ ಆಮ್ಲಜನಕ ಮೊದಲು ಕಡಿಮೆಯಾಗುವುದು ಮರಳಿನೊಳಗೆ. ಹೂತಿರುವ ನ್ಯಾಸೇರಿಯಸ್‌ಗಳು ಆಹಾರ ಇಲ್ಲದೆಯೂ ಎದ್ದು ಗಾಜು ಹತ್ತಿ ನೀರಿನ ಅಂಚಿಗೆ ಬಂದರೆ ಅದು ಎಚ್ಚರಿಕೆ ಗಂಟೆ. ನಮ್ಮ ಊರುಗಳು ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಮೇಲಿವೆ. ಇಲ್ಲಿ ನೀರಿನಲ್ಲಿ ಕರಗುವ ಆಮ್ಲಜನಕವೇ ಕರಾವಳಿಗಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ. ಬ್ಯಾಟರಿ ಗಾಳಿ ಪಂಪ್ ಒಂದನ್ನು ಮೇ ತಿಂಗಳಲ್ಲೇ ತಂದಿಡಿ. ಮನೆಯ ಇನ್ವರ್ಟರಿಗೆ ಸಣ್ಣ ಪಂಪ್ ಒಂದನ್ನಾದರೂ ಸೇರಿಸಿ, ಹೀಟರ್ ಬೇಡ, ಅದು ಬ್ಯಾಟರಿ ನುಂಗುತ್ತದೆ. ಕರೆಂಟ್ ಇಲ್ಲದ ದಿನ ಆಹಾರ ಹಾಕಬೇಡಿ.

ಚಳಿಗಾಲದ ಮಾತು ಬೇರೆ. ಡಿಸೆಂಬರ್, ಜನವರಿಯ ರಾತ್ರಿ ಚಿಕ್ಕಮಗಳೂರಿನಲ್ಲಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಟ್ಯಾಂಕ್ 24ರಿಂದ 27 ಡಿಗ್ರಿ ಇರಬೇಕು. ಲೀಟರಿಗೆ ಒಂದು ವ್ಯಾಟ್ ಲೆಕ್ಕದಲ್ಲಿ ಹೀಟರ್ ಇಡಿ. ಚಳಿಗೆ ಬಸವನಹುಳು ಕೂಡಲೇ ಸಾಯುವುದಿಲ್ಲ, ಮೇಯುವುದು ನಿಲ್ಲಿಸುತ್ತದೆ.

ಬೆಂಗಳೂರಿಂದ ಬಸ್ಸಿನಲ್ಲಿ ಪಾರ್ಸೆಲ್ ಬಂದ ಪ್ರಾಣಿಯನ್ನು ಟ್ಯಾಂಕಿಗೆ ಬಿಡುವುದು ಹೇಗೆ?

ಬಸವನಹುಳುವಿಗೆ ಉಪ್ಪಿನ ವ್ಯತ್ಯಾಸ ಬಹಳ ಕೆಟ್ಟದ್ದು. ಮೈಯೊಳಗಿನ ಉಪ್ಪನ್ನು ಮೀನಿನ ಹಾಗೆ ಅದು ಹಿಡಿದಿಡಲಾರದು. ಅಂಗಡಿಯಿಂದ ಒಂದೆರಡು ಗಂಟೆಯಲ್ಲಿ ತಂದದ್ದಾದರೆ ಸಣ್ಣ ಪೈಪಿನಲ್ಲಿ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಗಂಟೆ, ಒಂದೂವರೆ ಗಂಟೆ ಬಿಟ್ಟು ಒಗ್ಗಿಸಿ.

ಇಡೀ ರಾತ್ರಿ ಪೊಟ್ಟಣದಲ್ಲಿ ಇದ್ದದ್ದಾದರೆ ಈ ವಿಧಾನ ತಿರುಗಿ ಬೀಳುತ್ತದೆ. ಪೊಟ್ಟಣದೊಳಗೆ ಅಮೋನಿಯಾ ಸೇರಿರುತ್ತದೆ. ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುವುದರಿಂದ ಅದರ ವಿಷ ಅಡಗಿರುತ್ತದೆ. ಬಾಯಿ ಬಿಚ್ಚಿದ ಕೂಡಲೇ ಪಿಎಚ್ ಏರಿ, ಅಮೋನಿಯಾ ವಿಷವಾಗುತ್ತದೆ. ಅದೇ ನೀರಿನಲ್ಲಿ ಗಂಟೆಗಟ್ಟಲೆ ಹನಿ ಬಿಡುತ್ತಾ ಕೂತರೆ ಪ್ರಾಣಿ ಅಲ್ಲೇ ಮುಗಿಯುತ್ತದೆ. ಹಾಗಾಗಿ ಮಾರುವವರ ಹತ್ತಿರ ಅವರ ನೀರಿನ ಉಪ್ಪು ಎಷ್ಟು ಅಂತ ಮೊದಲೇ ಕೇಳಿ, ಅಷ್ಟೇ ಉಪ್ಪಿನ ಸ್ವಚ್ಛ ನೀರು ಡಬ್ಬಿಯಲ್ಲಿ ಸಿದ್ಧ ಇಡಿ. ಪೊಟ್ಟಣ ಬಿಚ್ಚಿದ ಕೂಡಲೇ ಪ್ರಾಣಿಯನ್ನು ಅದಕ್ಕೆ ದಾಟಿಸಿ, ಆಮೇಲೆ ನಿಧಾನಕ್ಕೆ ನಿಮ್ಮ ಟ್ಯಾಂಕಿನ ಉಪ್ಪಿನ ಮಟ್ಟಕ್ಕೆ, ಅಂದರೆ ಸಾಪೇಕ್ಷ ಸಾಂದ್ರತೆ 1.025ಕ್ಕೆ ತನ್ನಿ. ಬಂದ ನೀರನ್ನು ಟ್ಯಾಂಕಿಗೆ ಸುರಿಯಬೇಡಿ.

ಮಂಗಳೂರಿಂದ ಚಾರ್ಮಾಡಿ ಹತ್ತಿ ಬಂದ ಪೊಟ್ಟಣ ಉಬ್ಬಿರುತ್ತದೆ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಅದಕ್ಕೆ. ಪ್ರಾಣಿ ಕೊಳೆತು ಉಬ್ಬಿತು ಅಂದುಕೊಂಡು ಎಸೆಯಬೇಡಿ.

ಬಿಳಿಚುಕ್ಕಿ ರೋಗದ ಪರಾವಲಂಬಿಯ ಗೂಡು ಚಿಪ್ಪಿಗೆ ಅಂಟಿ ಬರಬಹುದು. ಜಾಗ ಇದ್ದವರು ಹೊಸ ಬಸವನಹುಳುಗಳನ್ನು ಮೀನಿಲ್ಲದ ತೊಟ್ಟಿಯಲ್ಲಿ 76 ದಿನ ಇಟ್ಟು ಆಮೇಲೆ ಬಿಡುತ್ತಾರೆ. ಬೇಸರದ ಕೆಲಸ, ಆದರೆ ಬೆಲೆಬಾಳುವ ಮೀನು ಇದ್ದರೆ ಮಾಡಿ.

ಯಾವ ಮೀನು ಇದ್ದರೆ ಇವುಗಳನ್ನು ತರಬಾರದು?

ಟ್ರಿಗರ್, ಪಫರ್, ದೊಡ್ಡ ರಾಸ್. ಇವುಗಳ ಪಾಲಿಗೆ ನಿಮ್ಮ ಕ್ಲೀನಪ್ ಕ್ರೂ ಬರೀ ತಿಂಡಿ. ಕ್ಲೌನ್, ಡ್ಯಾಮ್ಸೆಲ್, ಟ್ಯಾಂಗ್ ಇದ್ದರೆ ಚಿಂತೆಯಿಲ್ಲ.

ಮರಳಿನೊಳಗೆ ಕಪ್ಪು ಪಟ್ಟೆ, ಕೆದಕಿದರೆ ಕೊಳೆತ ಮೊಟ್ಟೆ ವಾಸನೆ. ಬಸವನಹುಳು ಜಾಸ್ತಿ ಬಿಟ್ಟರೆ ಸರಿಹೋಗುತ್ತದಾ?

ಇಲ್ಲ. ಅದು ಹೈಡ್ರೋಜನ್ ಸಲ್ಫೈಡ್. ಗಾಳಿಯಾಡದ ಕಡೆ ಕೊಳೆ ಸೇರಿ ಆದದ್ದು. ಅಲ್ಲಿಗೆ ಯಾವ ಪ್ರಾಣಿಯೂ ಹೋಗುವುದಿಲ್ಲ. ಇಡೀ ತಳವನ್ನು ಒಂದೇ ದಿನ ಕಲಕಿದರೆ ಮೀನಿಗೆ ಕುತ್ತು. ನೀರು ಬದಲಿಸುವ ದಿನ ಪೈಪ್ ಊರಿ ನಾಲ್ಕನೇ ಒಂದು ಭಾಗ ಮಾತ್ರ ಎಳೆಯಿರಿ, ಮುಂದಿನ ಸಲ ಇನ್ನೊಂದು ಭಾಗ. ತಳ ಚೊಕ್ಕ ಆದ ಮೇಲೆ ನ್ಯಾಸೇರಿಯಸ್ ಬಿಟ್ಟರೆ ಮತ್ತೆ ಗಟ್ಟಿಯಾಗದ ಹಾಗೆ ತಿರುವುತ್ತಿರುತ್ತದೆ.

ಸತ್ತಿದೆಯಾ ಬದುಕಿದೆಯಾ ಅಂತ ಗೊತ್ತಾಗುವುದು ಹೇಗೆ?

ಎತ್ತಿ ಮೂಸಿ. ಸತ್ತದ್ದಾದರೆ ಎರಡನೇ ಸಲ ಮೂಸುವುದಿಲ್ಲ.

ಒಂದು ವಾರ ಊರಿಗೆ ಹೋಗುತ್ತೇವೆ. ಇವಕ್ಕೆ ಯಾರಾದರೂ ಆಹಾರ ಹಾಕಬೇಕಾ?

ಬೇಡ. ಪಕ್ಕದ ಮನೆಯವರಿಗೆ ಆಹಾರದ ಡಬ್ಬಿ ಕೊಟ್ಟು ಹೋದರೆ ಪ್ರೀತಿಯಿಂದ ಸುರಿದು ಇಟ್ಟಿರುತ್ತಾರೆ. ಮೀನಿಗೆ ಒಂದು ವಾರದ ಪೊಟ್ಟಣಗಳನ್ನು ದಿನಕ್ಕೊಂದರಂತೆ ಕಟ್ಟಿ ಕೊಡಿ. ಮರಳಿನ ಪ್ರಾಣಿಗಳು ಇರುವುದರಲ್ಲೇ ಮೇಯ್ದುಕೊಳ್ಳುತ್ತವೆ. ಅವರು ನೋಡಬೇಕಾದದ್ದು ನೀರಿನ ಮಟ್ಟ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ನೀರು ಬೇಗ ಆರುತ್ತದೆ, ಉಪ್ಪು ಏರುತ್ತದೆ. ಗಾಜಿನ ಮೇಲೆ ಒಂದು ಗೆರೆ ಎಳೆದು, ಅಲ್ಲಿಯವರೆಗೆ ಆರ್‌ಓ ನೀರು ಹಾಕಲು ಹೇಳಿ. ಉಪ್ಪುನೀರಿನ ಡ್ರಮ್ಮಿನದ್ದಲ್ಲ, ಸಪ್ಪೆ ನೀರು.